ವರ್ಷದ ಕಳಪೆ ಚಿತ್ರಕ್ಕೊಂದು ಸನ್ಮಾನ ಪತ್ರ

ನಮ್ಮ ಉಡುಪಿಯ ಕಡೆ ಸನ್ಮಾನ ಇಲ್ಲದ ಕಾರ್ಯಕ್ರಮ ಕಾರ್ಯಕ್ರಮವೇ ಅಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ ಇರಲಿ, ಸಹಕಾರಿ ಸಂಘದ ಮಹಾಸಭೆ ಇರಲಿ, ಯಾರನ್ನಾದರೂ ಒಂದು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಸನ್ಮಾನ ಪತ್ರ ಓದಲೇಬೇಕು. ಆ ಪತ್ರ ಬರೆಯುವವರು ಯಾರು? ಹತ್ತಿರದ ಶಾಲೆಯ ಕನ್ನಡ ಮಾಸ್ತರು. ಮಣಿಪಾಲಕ್ಕೂ ಅಲೆವೂರಿಗೂ ನಡುವೆ ಇರುವ ನಮ್ಮ ಪ್ರೌಢಶಾಲೆಯ ಕನ್ನಡ ಮಾಸ್ತರು ನಾನೇ. ಹೀಗಾಗಿ ಎಷ್ಟೋ ವರ್ಷದಿಂದ ಈ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ, ನಾನೂ ಖುಷಿಯಿಂದಲೇ ಕಟ್ಟಿಸಿಕೊಂಡಿದ್ದೇನೆ.

ಸನ್ಮಾನಿತರ ಹೆಸರು, ಊರು, ಸಾಧನೆ ಇಷ್ಟು ವಾಟ್ಸಾಪಿನಲ್ಲಿ ಬಂದರೆ ಸಾಕು. 'ಸರಳತೆಯ ಸಾಕಾರಮೂರ್ತಿಯೇ' ಅಂತ ಶುರುಮಾಡಿ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತೇನೆ. ಆ ಮನುಷ್ಯನನ್ನು ನಾನು ಕಣ್ಣಿಂದ ಕಂಡಿರಬೇಕೆಂದೇನೂ ಇಲ್ಲ. ನೋಡದವರನ್ನು ಹೊಗಳುವುದು ಅಭ್ಯಾಸವಾದ ಕೈಗೆ, ನೋಡದ್ದನ್ನು ತೆಗಳುವುದೂ ಸಲೀಸಾಗಿ ಬರುತ್ತದೆ. ಅದು ನನಗೆ ಗೊತ್ತಾದ ಬಗೆಯನ್ನು ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ.

ನಮ್ಮದೊಂದು ಸಿನಿಮಾ ಹುಚ್ಚಿನ ಗುಂಪುಂಟು. ಹದಿನಾರು ಜನ. ಕಾಪುವಿನ ಒಬ್ಬ ಔಷಧಿ ಅಂಗಡಿಯ ಗೆಳೆಯ, ಇಬ್ಬರು ವಕೀಲರು, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಉಳಿದವರು ನನ್ನಂಥವರು. ಡಿಸೆಂಬರಿನ ಕೊನೆಯ ಭಾನುವಾರ ಉಡುಪಿಯ ಒಂದು ಹೋಟೆಲಿನ ಮಾಳಿಗೆಯಲ್ಲಿ ಸೇರುತ್ತೇವೆ. ಗೋಳಿಬಜೆ, ಕಾಫಿ, ಆಮೇಲೆ ಮತದಾನ. ವರ್ಷದ ಅತ್ಯುತ್ತಮ ಚಿತ್ರಕ್ಕೆ ಒಂದು ಚೀಟಿ, ಕಳಪೆ ಚಿತ್ರಕ್ಕೆ ಒಂದು ಚೀಟಿ, ಎರಡೂ ಸ್ಟೀಲಿನ ಡಬ್ಬಿಗೆ. ನಿಯಮ ಒಂದೇ: ಇಡೀ ನೋಡದ ಚಿತ್ರಕ್ಕೆ ವೋಟು ಹಾಕುವಂತಿಲ್ಲ. "ಎಲ್ಲರೂ ನೋಡಿದ್ದೀರಲ್ಲ?" ಅಂತ ಮ್ಯಾನೇಜರ್ ಕೇಳುತ್ತಾರೆ, ನಾವೆಲ್ಲ ಕೈ ಎತ್ತುತ್ತೇವೆ.

ಅತ್ಯುತ್ತಮ ಚಿತ್ರಕ್ಕೆ ಚಪ್ಪಾಳೆ ಮಾತ್ರ. ಸನ್ಮಾನವೇನಿದ್ದರೂ ಕಳಪೆ ಚಿತ್ರಕ್ಕೆ. ಒಂದು ಖಾಲಿ ಕುರ್ಚಿ ಇಟ್ಟು, ಅದಕ್ಕೆ ಹೋಟೆಲಿನ ಕೈ ಒರೆಸುವ ಟವೆಲನ್ನು ಶಾಲಿನಂತೆ ಹೊದೆಸಿ, ಕಪ್ಪಾದ ಬಾಳೆಹಣ್ಣಿನ ಚಿಪ್ಪು ಇಟ್ಟು, ನಾನು ಅಲ್ಲೇ ಕೂತು ಬರೆದ ಸನ್ಮಾನ ಪತ್ರವನ್ನು ಗಂಟಲು ಸರಿಮಾಡಿಕೊಂಡು ಓದಬೇಕು. ನಿಜ ಹೇಳಬೇಕೆಂದರೆ ಹೆಚ್ಚಿನವರು ಬರುವುದೇ ಅದಕ್ಕೆ.

ಇನ್ನು ನಮ್ಮ ಶಾಲೆಯ ಅಡುಗೆಯವರ ವಿಷಯ. ಬಿಸಿಯೂಟ ಮಾಡುವ ಅವರನ್ನು ಮಕ್ಕಳೂ ನಾವೂ ಅಕ್ಕ ಅಂತಲೇ ಕರೆಯುವುದು. ಬಾಗಲಕೋಟೆಯ ಕಡೆಯವರು. ಗಂಡ ಮಣಿಪಾಲದ ಹಾಸ್ಟೆಲು ಕಟ್ಟಡಗಳ ಕೆಲಸಕ್ಕೆ ಬಂದವರು, ಇಲ್ಲೇ ನಿಂತರು. ಅಕ್ಕನ ಮಾತಿನಲ್ಲಿ ಈಗ ಆ ಕಡೆಯದೂ ಈ ಕಡೆಯದೂ ಸೇರಿ 'ಉಂಟ್ರಿ' ಅಂತ ಒಂದು ಹೊಸ ಶಬ್ದವೇ ಹುಟ್ಟಿಕೊಂಡಿದೆ. ಎರಡು ವರ್ಷದ ಹಿಂದೆ ಕಾರ್ಕಳದ ಒಬ್ಬ ಯುವಕ ಒಂದು ಸಣ್ಣ ಕನ್ನಡ ಸಿನಿಮಾ ಮಾಡಿದ. ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದ ಹೆಂಗಸೊಬ್ಬಳ ಕಥೆ. ಆ ಪಾತ್ರಕ್ಕೆ ನಿಜವಾಗಿ ಹಾಗೆ ಬಂದವರೇ ಬೇಕು ಅಂತ ಹುಡುಕಿ, ಬೇಸಿಗೆ ರಜೆಯಲ್ಲಿ ನಮ್ಮ ಅಕ್ಕನಿಂದಲೇ ಮಾಡಿಸಿದ. ನವೆಂಬರಿನಲ್ಲಿ ಸಿನಿಮಾ ಬಿಡುಗಡೆಯಾದಾಗ ಅಕ್ಕ ನನಗೊಂದು ಪಾಸು ತಂದುಕೊಟ್ಟರು. "ಹೆಡ್ ಮೇಡಮ್ಮಗೊಂದು, ನಿಮಗೊಂದು. ಎರಡೇ ಕೊಟ್ಟಾರ್ರಿ ಸರ," ಅಂದರು. ಇಡೀ ಶಾಲೆಯಲ್ಲಿ ಆ ಎರಡನೆಯ ಪಾಸು ನನಗೆ.

ಮಣಿಪಾಲದಲ್ಲಿ ಮಧ್ಯಾಹ್ನದ ಆಟಕ್ಕೆ ಹೋದೆ. ಅಕ್ಕ ಶೆಡ್ಡಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಇಟ್ಟಿಗೆ ಹೊರುತ್ತಿದ್ದರು. ಯಾರೇನೇ ಕೇಳಿದರೂ ಸುಮ್ಮನಿರುತ್ತಿದ್ದರು. ಒಂದು ಗಂಟೆ ಕಳೆದರೂ ಬಾಯಿಂದ ಒಂದು ಮಾತಿಲ್ಲ. ನಾನು ಆಕಳಿಸಿದೆ. ಇಂಟರ್ವಲ್ಲಿನಲ್ಲಿ ಹೊರಗೆ ಬಂದಾಗ ಕಾಪುವಿನ ಗೆಳೆಯನ ಫೋನು. "ಎಂತ ಮಾರಾಯ, ಎಲ್ಲಿದ್ದೀಯಾ? ದೋಣಿ ಬಂದುಂಟು, ಒಳ್ಳೆ ಬಂಗುಡೆ ಉಂಟು. ಬೇಕಾದ್ರೆ ಈಗಲೇ ಬಾ." ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಸ್ಕೂಟರ್ ತಿರುಗಿಸಿ ಕಾಪುವಿಗೆ ಹೋದೆ. ಮೀನಿಗೋಸ್ಕರ ಎದ್ದು ಹೋದೆ ಅನ್ನುವುದನ್ನು ಇವತ್ತಿಗೂ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಸೋಮವಾರ ಊಟದ ಹೊತ್ತಿಗೆ ಅಕ್ಕ ಕಾಯುತ್ತಲೇ ಇದ್ದರು.

"ಹೆಂಗಿತ್ರಿ ಸರ?"

"ಭಾರೀ ಒಳ್ಳೆದುಂಟು ಅಕ್ಕ."

"ಕಡೀ ಸೀನು?"

"ಅದಂತೂ ಮನಸ್ಸಿಗೆ ತಾಗಿತು."

ಅವರ ಮುಖ ಅರಳಿದ್ದನ್ನು ನೋಡಿ, ಸುಳ್ಳಾದರೂ ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೆ. ಆಗ ಅವರು ಇನ್ನೊಂದು ವಿಷಯ ಹೇಳಿದರು. ಅದೇ ಯುವಕ ಮುಂದಿನ ಸಿನಿಮಾಕ್ಕೂ ಕರೆದಿದ್ದನಂತೆ, ಈ ಸಲವೂ ದೊಡ್ಡ ಪಾರ್ಟು, ಫೆಬ್ರವರಿಯಲ್ಲಿ ಶೂಟಿಂಗು. "ಮಾಡ್ಲ್ಯೋ ಬ್ಯಾಡೋ ಅಂತ ಇದ್ದೆ. ಮನ್ಯಾಗ ಎಲ್ಲಾರೂ ಚಲೋ ಐತಿ ಅಂತಾರ, ಅವರು ಅನ್ನೂದು ಬ್ಯಾರೆ. ನೀವು ಓದಿದವರು ಹೇಳಿದ ಮ್ಯಾಲ ಧೈರ್ಯ ಬಂತ್ರಿ," ಅಂದರು.

ಡಿಸೆಂಬರಿನ ಭಾನುವಾರ ಬಂತು. ಕಳಪೆ ಚಿತ್ರದ ಚೀಟಿ ಕೈಯಲ್ಲಿ ಹಿಡಿದು ಕೂತಿದ್ದೆ. ಆ ವರ್ಷ ನಾನು ನೋಡಿದ ಕೆಟ್ಟ ಸಿನಿಮಾಗಳು ಬೇಕಾದಷ್ಟಿದ್ದವು, ಅವನ್ನೆಲ್ಲ ಕೊನೆಯ ತನಕ ನೋಡಿಯೂ ಇದ್ದೆ. ಆದರೆ ಅಕ್ಕನ ಸಿನಿಮಾದ ಬಗ್ಗೆ ನನ್ನ ತಲೆಯಲ್ಲಿ ಒಂದು ಒಳ್ಳೆಯ ತಮಾಷೆ ತಯಾರಾಗಿ ಕೂತಿತ್ತು. ಅದು ಗೆದ್ದರೆ ಪತ್ರ ರಂಗೇರುತ್ತದೆ ಅನ್ನಿಸಿತು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯ ಬೇರೆ. ಬರೆದು ಹಾಕಿದೆ. ಎಣಿಸಿದಾಗ ಅದಕ್ಕೆ ಏಳು ವೋಟು, ಎರಡನೆಯದಕ್ಕೆ ಆರು. ವಿಚಿತ್ರವೆಂದರೆ ಅತ್ಯುತ್ತಮ ಚಿತ್ರದ ಡಬ್ಬಿಯಲ್ಲೂ ಅದೇ ಸಿನಿಮಾಕ್ಕೆ ಎರಡು ಚೀಟಿ ಬಿದ್ದಿದ್ದವು. "ನಿರ್ದೇಶಕನ ಸಂಬಂಧಿಕರು ನಮ್ಮಲ್ಲೂ ಇದ್ದಾರೆ ಅಲ್ವಾ!" ಅಂತ ನಾನೇ ಹೇಳಿದೆ, ಎಲ್ಲರೂ ನಕ್ಕರು.

ಹತ್ತು ನಿಮಿಷದಲ್ಲಿ ಪತ್ರ ಸಿದ್ಧ. ಖಾಲಿ ಕುರ್ಚಿಯ ಕಡೆ ಕೈಮುಗಿದು ಓದಿದೆ. 'ಹೇ ಮೌನಗೌರಿಯೇ, ತಾವು ಬಾಯಿಂದ ಒಂದೇ ಒಂದು ಮುತ್ತು ಉದುರಿಸದೆ ಸಂಭಾಷಣೆಕಾರರ ಬೆರಳು ನೋಯದಂತೆ ಕಾಪಾಡಿದ್ದೀರಿ. ತಾವು ರೊಟ್ಟಿ ಬಡಿದ ರಭಸಕ್ಕೆ ಹಸಿವು ಕೆರಳಿದ ಪ್ರೇಕ್ಷಕರು ಎದ್ದು ಕ್ಯಾಂಟೀನಿಗೆ ಓಡಿದ್ದು, ಅಲ್ಲಿಂದ ಅವರಲ್ಲಿ ಅನೇಕರು ಮರಳಿ ಬಾರದಿದ್ದುದು ತಮ್ಮ ಅಭಿನಯದ ಹೆಗ್ಗಳಿಕೆಯೇ ಸರಿ.' ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಔಷಧಿ ಅಂಗಡಿಯ ಗೆಳೆಯ ಪೂರ್ತಿ ವಿಡಿಯೋ ಮಾಡಿದ. ನಾನು ಅಷ್ಟು ಚೆನ್ನಾಗಿ ಓದಿದ್ದು ಆ ತನಕ ಇಲ್ಲ.

ವಿಡಿಯೋ ಗುಂಪಿನಿಂದ ಹೊರಗೆ ಹೋಗಲು ನಾಲ್ಕು ದಿನವೂ ಬೇಕಾಗಲಿಲ್ಲ. ಯಾರು ಕಳಿಸಿದರು ಅಂತ ವಿಚಾರಿಸುವ ಮುಖ ನನಗಿರಲಿಲ್ಲ. ಕಾಲೇಜಿಗೆ ಹೋಗುವ ಅಕ್ಕನ ಮಗಳ ಫೋನಿಗೂ ಅದು ಬಂತು. ಅವಳು ನಮ್ಮ ಶಾಲೆಯಲ್ಲೇ ಓದಿದವಳು. ಮುಖ ಕಾಣದಿದ್ದರೂ ನನ್ನ ದನಿ ಅವಳಿಗೆ ಗೊತ್ತಾಗುತ್ತಿತ್ತು.

ಜನವರಿಯ ಮೊದಲ ವಾರ ಅಕ್ಕ ಎಂದಿನಂತೆ ಬಡಿಸಿದರು. ಅವರಿಗೆ ತಿಳಿದಿಲ್ಲ ಅಂತ ನಾನು ನಿರಾಳವಾಗಿದ್ದೆ. ಒಂದು ದಿನ ಊಟ ಮುಗಿದು, ಪಾತ್ರೆ ತೊಳೆದು, ಕೈ ಒರೆಸಿಕೊಳ್ಳುತ್ತ ಲೈಬ್ರರಿ ಕೋಣೆಗೆ ಬಂದರು. ನಾನೊಬ್ಬನೇ ಇದ್ದೆ.

"ಸರ, ಒಂದು ಮಾತು ಕೇಳ್ಲ್ಯಾ? ಅವತ್ತು ನೀವು ಒಳ್ಳೆದೈತಿ ಅಂದ್ರಿ. ವಿಡಿಯೋದಾಗ ಹಂಗಂದೀರಿ. ಎರಡ್ರಾಗ ಖರೇ ಯಾವುದ್ರಿ?"

ಸಿಟ್ಟಿನ ದನಿಯಲ್ಲ ಅದು. ಮಕ್ಕಳು ಉತ್ತರ ಪತ್ರಿಕೆ ಹಿಡಿದು ತಂದು, ಎಲ್ಲಿ ತಪ್ಪಾಯಿತು ಅಂತ ಕೇಳುತ್ತಾರಲ್ಲ, ಹಾಗಿತ್ತು.

"ಅದು ತಮಾಷೆಗೆ ಅಕ್ಕ. ಪ್ರತಿ ವರ್ಷ ಮಾಡ್ತೇವೆ," ಅಂದೆ.

"ತಮಾಷಿ ಅನ್ನೂದು ತಿಳೀತ್ರಿ. ನಾ ಮಾಡಿದ್ದು ಚಲೋ ಆಗೇತೋ ಇಲ್ಲೋ, ಅದನ್ನ ಕೇಳಾಕತ್ತೀನಿ."

ಆ ಹೊತ್ತಿಗೆ 'ನಾನು ಅರ್ಧಕ್ಕೇ ಎದ್ದು ಹೋಗಿದ್ದೆ' ಅಂದುಬಿಟ್ಟಿದ್ದರೆ ಸಾಕಿತ್ತು. ನನ್ನ ಮಾನ ಹೋಗುತ್ತಿತ್ತು, ಅಷ್ಟೇ. ಮಾನ ಉಳಿಸಿಕೊಳ್ಳಲು ನಾನು ಮಾಡಿದ್ದು ಇಡೀ ಕಥೆಯಲ್ಲೇ ಅತ್ಯಂತ ಹೊಲಸು ಕೆಲಸ. ಮಾಸ್ತರಿಕೆಯ ದನಿ ತೆಗೆದು, "ನೋಡಿ ಅಕ್ಕ, ಮೊದಲ ಸಲ ಅಲ್ವಾ. ಸ್ವಲ್ಪ ಅಭ್ಯಾಸ ಬೇಕು. ಕೊನೆಯ ಕಡೆ ಒಂಚೂರು ಅತಿಯಾಯಿತು," ಅಂದೆ. ನೋಡದ ಕೊನೆಗೆ ಅಂಕ ಕೊಟ್ಟೆ.

"ಹಂಗಂದ್ರ ಅದ ಖರೇ," ಅಂದರು. ತಲೆಯಾಡಿಸಿ ಹೋದರು.

ಫೆಬ್ರವರಿಯಲ್ಲಿ ಹೆಡ್ ಮೇಡಂ ಬೇರೇನೋ ಮಾತಿನ ನಡುವೆ ಹೇಳಿದರು. ಶೂಟಿಂಗಿಗೆ ಹದಿನೈದು ದಿನ ರಜೆ ಬೇಕು ಅಂತ ಅಕ್ಕ ಕೊಟ್ಟಿದ್ದ ಅರ್ಜಿಯನ್ನು ಅವರೇ ಹಿಂದಕ್ಕೆ ತೆಗೆದುಕೊಂಡಿದ್ದಾರೆ. "ನಾನು ಬದಲಿ ಜನ ಕೂಡ ನೋಡಿದ್ದೆ. ಇಲ್ಲ, ನನಗೆ ಬರುವುದಿಲ್ಲ, ಸರ್ ಹೇಳಿದ್ದಾರೆ ಅಂದರು. ಯಾವ ಸರ್ ಅಂತ ನಾನು ಕೇಳಲಿಲ್ಲ," ಅಂದು ನನ್ನ ಮುಖ ನೋಡದೆ ರಿಜಿಸ್ಟರ್ ತಿರುವಿದರು.

ಅಡುಗೆ ಕೋಣೆಗೆ ಹೋದೆ. ಅಕ್ಕ ಅಕ್ಕಿ ಆರಿಸುತ್ತಿದ್ದರು. ಈ ಸಲ ಪೀಠಿಕೆ ಹಾಕಲಿಲ್ಲ. ಇಂಟರ್ವಲ್ಲಿಗೇ ಹೊರಟುಹೋಗಿದ್ದೆ, ಒಳ್ಳೆದುಂಟು ಅಂದದ್ದೂ ಸುಳ್ಳು, ಕೆಟ್ಟದಾಗಿದೆ ಅಂದದ್ದೂ ಸುಳ್ಳು ಅಂತ ಹೇಳಿದೆ. ಮೀನಿನ ವಿಷಯ ಮಾತ್ರ ಹೇಳಲಿಲ್ಲ.

ಅಕ್ಕನ ಕೈ ಅಕ್ಕಿಯಲ್ಲೇ ನಿಂತಿತು. "ಹಂಗಾದ್ರ ನಾ ಮಾತಾಡಿದ್ದು ನೀವು ಕೇಳೇ ಇಲ್ಲ," ಅಂದರು. "ಇಂಟರ್ವಲ್ ಆದ ಮ್ಯಾಲ ಹತ್ತು ನಿಮಿಷ ನಾ ಒಬ್ಬಾಕಿನ ಮಾತಾಡ್ತೀನ್ರಿ, ಕಂಟ್ರಾಕ್ಟರನ ಮುಂದ ನಿಂತು. ಮದಲ ಸುಮ್ಮ ಕುಂತದ್ದು ಅದಕ್ಕ. ಎರಡು ತಿಂಗಳು ರೊಟ್ಟಿ ಬಡಕೋತ ಬಡಕೋತ ಬಾಯಿಪಾಠ ಮಾಡಿದ್ದೆ."

ಆಗ ಹೊಳೆಯಿತು, ಆ ಎರಡು ಚೀಟಿ ಯಾರವು ಅಂತ. ನಮ್ಮ ಹದಿನಾರು ಜನರಲ್ಲಿ ಕೊನೆಯ ತನಕ ಕೂತವರು ಬಹುಶಃ ಅವರಿಬ್ಬರೇ. ನಾನು ಗೇಲಿ ಮಾಡಿದ್ದು ಅವರನ್ನು.

"ಈಗಲೂ ಫೋನ್ ಮಾಡಬಹುದಲ್ಲ ಅಕ್ಕ? ನಾನೇ ಆ ಹುಡುಗನ ಹತ್ತಿರ ಮಾತಾಡ್ತೇನೆ," ಅಂದೆ.

"ಬ್ಯಾರೆದಾಕಿ ಸಿಕ್ಕಾಳಂತ್ರಿ. ಶೂಟಿಂಗ್ ಸುರು ಆಗೇತಿ," ಅಂದು ಮತ್ತೆ ಅಕ್ಕಿಯ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು, ಅದಕ್ಕೇ ಬೈಯಲಿಲ್ಲವೋ ಏನೋ. ಅವರ ಮೊದಲ ಸಿನಿಮಾ ಅಷ್ಟರಲ್ಲಿ ಎಲ್ಲ ಕಡೆಯಿಂದ ಹೊರಟುಹೋಗಿತ್ತು. ಆ ಹತ್ತು ನಿಮಿಷವನ್ನು ನಾನು ಈವರೆಗೂ ನೋಡಿಲ್ಲ.

ಆ ಎರಡನೆಯ ಸಿನಿಮಾ ಹೋದ ನವೆಂಬರಿನಲ್ಲಿ ಬಂತು. ಮಣಿಪಾಲದಲ್ಲೂ ನಡೆಯುತ್ತಿತ್ತು, ಆದರೆ ಪರಿಚಯದವರ ಕಣ್ಣಿಗೆ ಬೀಳಬಾರದು ಅಂತ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ನೋಡಿದೆ. ಇಂಟರ್ವಲ್ಲಿನಲ್ಲಿ ಕುರ್ಚಿಯಿಂದ ಏಳಲಿಲ್ಲ. ಅಕ್ಕ ಮಾಡಬೇಕಿದ್ದ ಪಾರ್ಟನ್ನು ಬೇರೊಬ್ಬ ಹೆಂಗಸು ಮಾಡಿದ್ದರು. ಚೆನ್ನಾಗಿಲ್ಲದಿದ್ದರೆ ಸಾಕಪ್ಪ ಅಂತ ಕೂತಿದ್ದೆ. ಆದರೆ ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ ಎರಡು ಕಡೆ ಕಣ್ಣು ಒರೆಸಿಕೊಂಡೆ.

ಡಿಸೆಂಬರಿನ ಮತದಾನದಲ್ಲಿ ಅದಕ್ಕೇ ಅತ್ಯುತ್ತಮ ಚಿತ್ರದ ಪಟ್ಟ, ಹನ್ನೊಂದು ವೋಟು. ನಂದೂ ಸೇರಿ. ಕಳಪೆ ಚಿತ್ರದ ಪತ್ರ ಈ ಸಲ ಬೇರೆ ಯಾರಾದರೂ ಬರೆಯಿರಿ ಅಂದೆ. "ಎಂತ ಮಾರಾಯ, ನಿಂಗೆ ವಯಸ್ಸಾಯ್ತು," ಅಂತ ಗೆಳೆಯ ತಮಾಷೆ ಮಾಡಿದ. ವಕೀಲರೊಬ್ಬರು ಬರೆದರು. ಎಲ್ಲರೂ ಮೊದಲಿನಷ್ಟೇ ನಕ್ಕರು.

ಮರುದಿನ ಮಧ್ಯಾಹ್ನ ಸಾರು ಬಡಿಸುವಾಗ ಅಕ್ಕ ಕೇಳಿದರು. "ನಿನ್ನೆ ನಿಮ್ಮ ವೋಟು ಇತ್ತಲ್ರಿ. ಯಾವ ಪಿಕ್ಚರ್ ಗೆದ್ದೈತ್ರಿ?"

ಹೆಸರು ಹೇಳಿದೆ.

"ಆಕಿ ಹೆಂಗ ಮಾಡ್ಯಾಳ್ರಿ?"

ಅಷ್ಟೇನೂ ಇಲ್ಲ ಅಕ್ಕ, ನೀವಾಗಿದ್ದರೆ ಇನ್ನೂ ಚೆಂದ ಇರುತ್ತಿತ್ತು ಅಂತ ನಾಲಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವರು ನಂಬುತ್ತಿದ್ದರು. "ತುಂಬ ಚೆನ್ನಾಗಿ ಮಾಡಿದ್ದಾರೆ ಅಕ್ಕ. ಇಡೀ ನೋಡಿದೆ," ಅಂದೆ. ಸಿನಿಮಾದ ಬಗ್ಗೆ ಅವರು ಕೇಳಿದ ತಕ್ಷಣ ನಾನು ಹೇಳಿದ ಮೊದಲ ನಿಜ ಅದು.

ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ಹಂಗಾದ್ರ ಆಕಿಗೆ ಹೇಳ್ರಿ ಸರ," ಅಂದರು. "ಆಕೀನೂ ಯಾರನ್ನಾರ ಕೇಳ್ತಿರ್ತಾಳ."