ಪನ್ವೇಲಿನಲ್ಲಿ ಇಳಿದ ಅಂಕಪಟ್ಟಿ

ಉಡುಪಿಯಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ತಂಗಿಗೆಂದು ಒಂದು ಕಟ್ಟು ಹಲಸಿನ ಹಪ್ಪಳ, ಅವಳ ಮಗಳು ಅಶ್ವಿನಿಯ ಹತ್ತನೇ ತರಗತಿಯ ಅಸಲು ಅಂಕಪಟ್ಟಿ ಇದ್ದವು. ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಕ್ಯಾಂಟೀನ್ ನಡೆಸುವ ಬಾವ, ತಂಗಿಯ ಗಂಡ, ಹೊಸದೇನು ಬಂದರೂ ಊರಿನ ದೈವದ ಮುಂದೆ ಇಡಿಸುವವರು. ಅಂಕಪಟ್ಟಿಯನ್ನೂ ಹಾಗೆಯೇ ಕಳಿಸಿದ್ದರು. ಸಂಕ್ರಮಣದ ಪೂಜೆಯೂ ಆಗಲಿ ಎಂದು ಅದನ್ನು ಇಟ್ಟುಕೊಂಡ ಬುದ್ಧಿವಂತ ನಾನು. ಅಷ್ಟರಲ್ಲಿ ತಂಗಿಯ ಫೋನು ಬಂತು: ನೆರೂಳಿನ ಕಾಲೇಜಿನಲ್ಲಿ ಅಶ್ವಿನಿಗೆ ಕೆಮಿಕಲ್ ಡಿಪ್ಲೊಮಾ ಸೀಟು ಬಂದಿದೆ, ನಾಳೆ ಮಧ್ಯಾಹ್ನ ಮೂರರೊಳಗೆ ಅಸಲು ಕೊಡದಿದ್ದರೆ ಅದು ಬೇರೆಯವರಿಗೆ.

ನೆರೂಳಿಗೆ ಲೋಕಲ್ ಸಿಗುವ ಪನ್ವೇಲನ್ನು ರೈಲು ಬೆಳಿಗ್ಗೆ ಐದಕ್ಕೆ ತಲುಪಬೇಕಿತ್ತು. ಹಳಿಯ ಮೇಲೆ ಮಣ್ಣು ಜರಿದು, ಒಂಬತ್ತಾದರೂ ರತ್ನಾಗಿರಿಯಲ್ಲೇ ನಿಂತಿತ್ತು. ಹೊರಗೆ ಜಡಿಮಳೆ.

ಆರನೇ ತರಗತಿಯಲ್ಲಿ ಈ ಹುಡುಗಿ ಟೀಚರ್ ಆಗುತ್ತೇನೆ ಎನ್ನುತ್ತಿದ್ದಳು, ಎಂಟರಲ್ಲಿ ಎಲ್ಲರಂತೆ ಡಾಕ್ಟರ್. ಒಂಬತ್ತರಲ್ಲಿ, ಕ್ಯಾಂಟೀನಿನ ಪಕ್ಕದ ಮೋರಿ ಒಂದು ದಿನ ಹಸಿರು, ಇನ್ನೊಂದು ದಿನ ಗುಲಾಬಿ ಬಣ್ಣದಲ್ಲಿ ಹರಿಯುವುದೇಕೆಂದು ಊಟಕ್ಕೆ ಬಂದ ಕಾರ್ಖಾನೆಯವರನ್ನೆಲ್ಲ ಕೇಳಿದಳಂತೆ. ಯಾರೂ ಹೇಳಲಿಲ್ಲ. ಅಂದಿನಿಂದ ಕೆಮಿಕಲ್ಲೇ ಓದಬೇಕೆಂದು ಅವಳದು ಒಂದೇ ಹಟ.

ರೋಹಾ ದಾಟಿದಾಗ ಬಾವನ ಫೋನು; ಅವರೂ ನನ್ನನ್ನು ಬಾವ ಎಂದೇ ಕರೆಯುವುದು. "ಬಾವ, ಪನ್ವೇಲಿನಲ್ಲಿ ಇಳಿಯುವುದು ಬೇಡ. ಸೀದಾ ಥಾಣೆ ಸ್ಟೇಷನ್ನಿಗೆ ಬನ್ನಿ, ಮನೆಗೆ ಹೋಗುವ. ಇಲ್ಲೇ ಹತ್ತಿರ ಕಾಮರ್ಸ್ ಸೀಟು ಉಂಟು. ಹೆಣ್ಣು ಹುಡುಗಿಗೆ ಆ ಕೆಮಿಕಲ್ ಎಲ್ಲ ಯಾಕೆ?"

ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಫೋನಿಟ್ಟೆ. ಅಂಕಪಟ್ಟಿ ಊರಿಗೆ ಕಳಿಸಿದ್ದರಲ್ಲಿ ಭಕ್ತಿ ಎಷ್ಟು, ಉಪಾಯ ಎಷ್ಟು ಎಂಬ ಸಂಶಯ ಆಗ ಹುಟ್ಟಿತು. ನನ್ನ ಮೇಲೆಯೇ ಸಿಟ್ಟೂ ಬಂತು.

ಪನ್ವೇಲ್ ತಲುಪಿದಾಗ ಎರಡು ಗಂಟೆ ಐದು ನಿಮಿಷ. ಟಿಕೆಟಿನ ಸಾಲು ಮುಗಿಸಿ ಲೋಕಲ್ ಹತ್ತಿದೆ. ಖಾರ್ಘರ್, ಬೇಲಾಪುರ, ಪ್ರತಿ ನಿಲ್ದಾಣದಲ್ಲೂ ಗಡಿಯಾರ ನೋಡಿದೆ. ಕಾಲೇಜಿನ ಗೇಟಿನಲ್ಲಿ ರಿಕ್ಷಾ ನಿಂತಾಗ ಮೂರಕ್ಕೆ ಎಂಟು ನಿಮಿಷವಿತ್ತು. ಒದ್ದೆಯಾಗಿ ನಿಂತಿದ್ದ ಅಶ್ವಿನಿ ನಮಸ್ಕಾರವನ್ನೂ ಮಾಡಲಿಲ್ಲ. "ಮಾಮಾ, ಜಲ್ದಿ ದೋ," ಎಂದು ಲಕೋಟೆ ಕಿತ್ತುಕೊಂಡು ಓಡಿದಳು.

ಗುಮಾಸ್ತ ಅಂಕಪಟ್ಟಿಗೆ ಅಂಟಿದ್ದ ಗಂಧವನ್ನು ಉಗುರಿನಿಂದ ಕೆರೆದು, ಮೊಹರು ಹಾಕಿದ. ಅವಳು ಹೊರಗೆ ಬಂದು, ರಸೀದಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತು ಅತ್ತಳು. ನನ್ನ ಕಣ್ಣೂ ತುಂಬಿತು.

ಬಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಾನು ಊರಿಗೆ ಹೊರಟಾಗ ಥಾಣೆ ಸ್ಟೇಷನ್ನಿನವರೆಗೆ ಬಂದು, ರೈಲು ಅಲುಗಿದ ಮೇಲೆ ಕಿಟಕಿಯಿಂದ ಒಂದು ಲಕೋಟೆ ಕೊಟ್ಟರು. ಒಳಗೆ ಕಾಲೇಜಿನ ರಸೀದಿಯ ಪ್ರತಿಯಿತ್ತು.

"ದೈವದ ಮುಂದೆ ಇಡಿ," ಎಂದರು. "ಝೆರಾಕ್ಸ್ ಸಾಕು. ಅಸಲು ಅವಳ ಹತ್ರವೇ ಇರಲಿ."