ಕಪ್ಪುಹಲಗೆಯ ಮೇಲಿನ ಸಂಸಾರ

ಸಂಬಳ ಬಂದ ವಾರ ನನ್ನಂಥ ಧಾರಾಳಿ ಊರಲ್ಲೇ ಇರುತ್ತಿರಲಿಲ್ಲ. ತಿಂಗಳ ಕೊನೆಗೆ ಮಾತ್ರ ನನ್ನ ಕೈಚೀಲವನ್ನು ಅಲುಗಾಡಿಸಿದರೆ ಸದ್ದೂ ಬರುತ್ತಿರಲಿಲ್ಲ. ಇಂಥ ನನ್ನನ್ನು ಹುಡುಕಿ ಹಿಡಿದು ಸರ್ಕಾರ ಹೆಣ್ಣುಮಕ್ಕಳಿಗೆ ಮನೆಯ ಜಮಾಖರ್ಚು ಕಲಿಸಲೆಂದು ಸುರಪುರದ ಶಾಲೆಗೆ ಶಿಕ್ಷಕಿಯಾಗಿ ಕಳಿಸಿತು. ಈಜು ಬಾರದ ಅಂಬಿಗ ಎಷ್ಟು ಭಯಭಕ್ತಿಯಿಂದ ದೋಣಿ ನಡೆಸುತ್ತಾನೋ ಅಷ್ಟೇ ಭಯಭಕ್ತಿಯಿಂದ ನಾನು ಪಾಠ ಹೇಳಿದೆ.

ನಿಜಾಮರ ಆಳ್ವಿಕೆ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಶಾಲೆ ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿತ್ತು. ಹೈದರಾಬಾದಿನಿಂದ ಬಂದು ನೆಲೆಸಿದ್ದ ನಮ್ಮ ಹೆಡ್‌ಮಿಸ್ಟ್ರೆಸ್ಸನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಕೆಲಸ ಉಳಿಯಬೇಕಾದರೆ ಅವರು ಕನ್ನಡ ಪರೀಕ್ಷೆ ಪಾಸಾಗಬೇಕಿತ್ತು. ನರೆತ ತಲೆಯ ಮೇಲೆ ಸೆರಗು ಹೊದ್ದು, ಒಂದನೆಯ ತರಗತಿಯ ಮಕ್ಕಳ ಪಕ್ಕ ಕೂತು ಅವರು ‘ಳ’ ತಿದ್ದುವುದನ್ನು ನೋಡಿದರೆ ನಗು ಬರುತ್ತಿತ್ತು, ಪಾಪ ಅನ್ನಿಸುತ್ತಲೂ ಇತ್ತು. ಸಂತೆಯಲ್ಲೂ ಅದೇ ಗೊಂದಲ. ನಿಜಾಮರ ಕಾಲದ ಹಾಲಿ ಸಿಕ್ಕಾ ನಾಣ್ಯ ಕೊಟ್ಟು ಹೊಸ ಸರ್ಕಾರದ ಕಲ್ದಾರ ರೂಪಾಯಿಯಲ್ಲಿ ಚಿಲ್ಲರೆ ಪಡೆಯುವಾಗ ಧಾರವಾಡದಲ್ಲಿ ಕಲಿತ ನನ್ನ ಗಣಿತವೆಲ್ಲ ಕೈಕೊಡುತ್ತಿತ್ತು.

ನನಗೆ ಕೊಟ್ಟಿದ್ದ ಪುಸ್ತಕದಲ್ಲಿ ಯಾವುದೋ ದೊಡ್ಡ ಊರಿನ ಕುಟುಂಬವಿತ್ತು: ಮನೆ ಬಾಡಿಗೆ, ಅಗಸನ ಲೆಕ್ಕ, ವಾರಪತ್ರಿಕೆಯ ಚಂದಾ, ಉಳಿತಾಯ. ಬಾಡಿಗೆ ಎಂದರೇನು ಎಂದು ಹುಡುಗಿಯರು ಕೇಳಿದರು. ವಿವರಿಸಿದೆ. ಮನೆಯೊಳಗೆ ಮಲಗಲು ತಿಂಗಳು ತಿಂಗಳು ದುಡ್ಡು ತೆರುವ ಆ ಮಂದಿಯ ಮೇಲೆ ಅವರಿಗೆ ಕನಿಕರ ಹುಟ್ಟಿತು. ಹಾಗಾದರೆ ನಿಮ್ಮ ನಿಮ್ಮ ಮನೆಯ ಖರ್ಚನ್ನೇ ಕೇಳಿಕೊಂಡು ಬನ್ನಿ ಎಂದು ಕಳಿಸಿದೆ. ಮರುದಿನ ತರಗತಿ ಅರ್ಧ ಖಾಲಿ.

ಕಾರಣ ತಿಳಿಯಲು ಸಿದ್ದಮ್ಮ ಎಂಬ ಹುಡುಗಿಯ ಮನೆಗೆ ಹೋದೆ. ಅವಳ ತಂದೆ ಯಮನಪ್ಪ ಕುರಿಗಾರ; ದೇವಾಪುರದ ಕಡೆಯಿಂದ ಬಂದು ಊರಂಚಿನಲ್ಲಿ ಮನೆ ಕಟ್ಟಿಕೊಂಡಿದ್ದ. ಹಿಂದೆ ಅಧಿಕಾರಿಗಳು ಮನೆ ಹೊಕ್ಕು, ಲೆವಿ ಎಂದು ಜೋಳ ಅಳೆದುಕೊಂಡು ಹೋದದ್ದನ್ನು ಅವನು ಮರೆತಿರಲಿಲ್ಲ. ಕಂಬಳಿ ಹಾಸಿ ಕೂರಿಸಿ, ಕುಡಿಯಲು ನೀರು ಕೊಟ್ಟು, ಆಮೇಲೆ ಕೇಳಿದ: “ಹಿಂದಿನ ಸರ್ಕಾರ ಕಣಜದಾಗಿನ ಜ್ವಾಳ ಅಳೀತ್ರಿ. ಇದು ಗಂಗಾಳದಾಗಿನ ರೊಟ್ಟಿ ಎಣಸಾಕ ನಿಮ್ಮನ್ನ ಕಳಿಸೈತೇನ್ರಿ?” ಬಾಗಿಲ ಮರೆಯಲ್ಲಿ ಉಣ್ಣೆ ನೂಲುತ್ತಿದ್ದ ಅವನ ಬಸುರಿ ಹೆಂಡತಿ ನಕ್ಕಳು. ಯಾರ ಮನೆಯ ಲೆಕ್ಕವನ್ನೂ ಕೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಮಕ್ಕಳು ಶಾಲೆಗೆ ಮರಳಿದರು.

ಹೀಗೆ ಹುಟ್ಟಿತು ನಾವೇ ಕಲ್ಪಿಸಿಕೊಂಡ ಕಪ್ಪುಹಲಗೆಯ ಸಂಸಾರ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡನಿಗೆ ಯಾದಗಿರಿ ಸ್ಟೇಷನ್ನಿನಲ್ಲಿ ನೌಕರಿ ಕೊಡಿಸಿದೆವು. ಸಂಬಳವನ್ನು ನಾನೇ ನಿಗದಿ ಮಾಡಿದೆ, ನನ್ನದಕ್ಕಿಂತ ತುಸು ಹೆಚ್ಚು. ಅವರು ಯಾವ ಜಾತಿಯವರು ಎಂದು ಹುಡುಗಿಯರಲ್ಲಿ ಜಗಳ ಹತ್ತಿತು. ರೈಲಿನವರು ಎಂದು ಆಪಾ ತೀರ್ಪು ಕೊಟ್ಟರು. ಹುಡುಗಿಯರು ಹೆಂಡತಿಗೆ ಬಳೆ ಇಡಿಸಿದರು, ಮಕ್ಕಳಿಗೆ ಬೆಲ್ಲ ಕೊಡಿಸಿದರು, ಗಂಡನ ಬೀಡಿ ಬಿಡಿಸಿದರು. ಪ್ರತಿ ಶನಿವಾರ ಲೆಕ್ಕ ಚೊಕ್ಕವಾಗಿ ಕೂಡುತ್ತಿತ್ತು. ಆ ಮನೆಯಲ್ಲಿ ಯಾರಿಗೂ ಜ್ವರವೇ ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ಸಿದ್ದಮ್ಮ ಕೆಲವು ವಾರ ಬರಲಿಲ್ಲ. ಅವಳ ತಾಯಿ ಹೆರಿಗೆಯಲ್ಲಿ ತೀರಿಕೊಂಡಳೆಂದೂ ಗಂಡುಕೂಸು ಉಳಿದಿದೆಯೆಂದೂ ಸುದ್ದಿ ಬಂದಿತ್ತು. ಒಂದು ಶನಿವಾರ ಬಂದಳು. ನಾನು ಸೀಮೆಸುಣ್ಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಎದ್ದು ನಿಂತಳು.

“ಅಕ್ಕೋರ, ಆ ಮನಿ ಅವ್ವ ಸತ್ತಾಳಂತ ಬರೀರಿ. ಆಮ್ಯಾಲ ಮನಿ ಹೆಂಗ ನಡಸೋದು, ಅದನ್ನ ಕಲಿಸ್ರಿ.”

ಪುಸ್ತಕದಲ್ಲಿ ಆ ಪಾಠ ಇರಲಿಲ್ಲ. ಒಬ್ಬರು ಕಡಿಮೆಯಾದರೆ ಖರ್ಚು ಇಳಿಯಬೇಕಲ್ಲ ಎಂದು ಹಲಗೆಯ ಮೇಲೆ ಹೆಂಡತಿಯ ಪಾಲನ್ನು ಹುಡುಕಿದೆ. ಬಳೆ ಬಿಟ್ಟರೆ ಅವಳ ಹೆಸರಿನಲ್ಲಿ ಏನೂ ಇರಲಿಲ್ಲ. ಆಗ ಹುಡುಗಿಯರು ಒಬ್ಬೊಬ್ಬರಾಗಿ ಹೇಳತೊಡಗಿದರು: ಬೀಸುವವರು ಯಾರು, ಬಾವಿಯಿಂದ ನೀರು ತರುವವರು ಯಾರು, ಕೂಸಿಗೆ ಹಾಲು ಎಲ್ಲಿಂದ, ಉಣ್ಣೆ ನೂತು ಬರುತ್ತಿದ್ದ ಕಾಸು ಇನ್ನೆಲ್ಲಿ. ರೈಲಿನವರ ಮನೆಗೆ ಉಣ್ಣೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಹಲಗೆ ತುಂಬಿತು, ಸಂಬಳ ಮುಗಿಯಿತು. ಯಾವುದನ್ನು ಅಳಿಸೋಣ ಎಂದೆ. ದೊಡ್ಡ ಮಗಳ ಶಾಲೆ ಬಿಡಿಸಬೇಕು ಎಂದು ಹಿಂದಿನಿಂದ ಯಾರೋ ಅಂದರು. ಸಿದ್ದಮ್ಮ ಹೌದೆಂದು ತಲೆಯಾಡಿಸಿದಳು. ಅದು ಅವಳ ಅಪ್ಪನಿಗೂ ಹೊಳೆದಿತ್ತಂತೆ. ಅದಕ್ಕೂ ಮೊದಲು ಅಳಿಸಬಹುದಾದದ್ದು ಬೇರೆ ಏನಾದರೂ ಇದೆಯೇ ಎಂದು ನೋಡಲು ಬಂದಿದ್ದಳಂತೆ.

ಸಂಜೆ ಆಪಾ ಮತ್ತು ನಾನು ಅವರ ಮನೆಗೆ ಹೋದೆವು. ಯಮನಪ್ಪ ಸಿಟ್ಟಾಗಲಿಲ್ಲ. ಮೇವಿಗೆಂದು ಕುರಿಗಳನ್ನು ಕೃಷ್ಣೆಯ ದಂಡೆಗೆ ಹೊಡೆದುಕೊಂಡು ಹೋಗದಿದ್ದರೆ ಅವು ಸಾಯುತ್ತವೆ, ಹೋದರೆ ಕೂಸನ್ನು ನೋಡುವವರಿಲ್ಲ, ಏನು ಮಾಡಲಿ ನೀವೇ ಹೇಳಿ ಎಂದ. ನಾನು ವಿದ್ಯೆಯ ಮಹತ್ವದ ಬಗ್ಗೆ ಶುರುಮಾಡಿದೆ. ಆಪಾ ನನ್ನ ಕೈ ಅದುಮಿ ಸುಮ್ಮನಾಗಿಸಿ, ತಡವರಿಸುತ್ತ ಹೇಳಿದರು: “ಕೂಸು ಸಾಲಿಗಿ ಬರ್ಲಿ. ನಾನು ಮುದುಕಿ ಅ ಆ ಬರಿಯಾಕ ಕುಂತೀನಿ. ಅದೂ ಕುಂದರ್ಲಿ.”

ಹಾಗೆ ತರಗತಿಯ ತೊಲೆಗೆ ಹಳೆ ಸೀರೆಯ ಜೋಲಿ ಬಿತ್ತು. ಕೂಸು ಅತ್ತರೆ ಹತ್ತಿರ ಕೂತವಳು ತೂಗುತ್ತಿದ್ದಳು. ಕಪ್ಪುಹಲಗೆಯ ಮನೆಗೂ ಒಂದು ಕೂಸು ಸೇರಿತು. ಅದರ ಹಾಲಿಗೆಂದು ಹುಡುಗಿಯರು ಬೆಲ್ಲ ಕಡಿಮೆ ಮಾಡಿದರು, ತೀರಿಕೊಂಡವಳ ಬಳೆ ಅಳಿಸಿದರು. ಆ ಕೆಲವು ತಿಂಗಳು ನಾನು ಒಳ್ಳೆಯ ಶಿಕ್ಷಕಿ ಎಂಬ ಭ್ರಮೆ ನನಗಿತ್ತು.

ಬೇಸಿಗೆ ಬಂತು. ಕುರಿಗಳ ಜೊತೆ ಹೊರಡುವಾಗ ಯಮನಪ್ಪ ಕೂಸಿಗೆಂದು ಬಿಟ್ಟುಹೋಗಿದ್ದ ಆಡು ಬತ್ತಿತು. ಕೊಂಡು ತಂದ ಹಾಲು ಕೂಸಿಗೆ ಒಗ್ಗಲಿಲ್ಲ. ವಾಂತಿ ಭೇದಿ ಹಿಡಿಯಿತು. ಶಹಾಪುರದ ಡಾಕ್ಟರರಿಗೆ ತೋರಿಸಲು ಬಂಡಿ ಕಟ್ಟಿಸಿಕೊಂಡು ಹೊರಟೆವು. ಕೂಸು ದಾರಿಯಲ್ಲೇ ಹೋಯಿತು. ಸಿದ್ದಮ್ಮ ಅಳಲಿಲ್ಲ, ಬಂಡಿ ತಿರುಗಿಸಲು ಹೇಳಿದಳು, ಅಷ್ಟೆ. ಆಪಾ ಮಾತ್ರ ಊರು ಮುಟ್ಟುವ ತನಕ, ಕೂಸಿನ ಮುಖಕ್ಕೆ ನೊಣ ಕೂರದಂತೆ ಸೆರಗು ಬೀಸುತ್ತಲೇ ಇದ್ದರು.

ಇನ್ನು ಸಿದ್ದಮ್ಮನಿಗೆ ಶಾಲೆಗೆ ಬರಲು ಯಾವ ಅಡ್ಡಿಯೂ ಇರಲಿಲ್ಲ. ಇಷ್ಟು ಕ್ರೂರವಾದ ವಾಕ್ಯವನ್ನು ನಾನು ಬೇರೆಲ್ಲೂ ಬರೆದ ನೆನಪಿಲ್ಲ.

ರಜೆ ಮುಗಿದ ಮೇಲೆ ಬಂದಳು. ಶನಿವಾರ ಎಂದಿನಂತೆ ಒಬ್ಬ ಹುಡುಗಿ ಹಲಗೆಯ ಮೇಲೆ ಬರೆಯುತ್ತ ಹೋದಳು. ಹಾಲಿನ ಸಾಲು ಬರೆದು ಅವಳ ಕೈ ನಿಂತಿತು. ಅಳಿಸುವ ಬಟ್ಟೆ ಹಿಡಿದು ನಾನೇ ಎದ್ದೆ.

“ಇರ್ಲಿ ಬಿಡ್ರಿ ಅಕ್ಕೋರ,” ಎಂದಳು ಸಿದ್ದಮ್ಮ. “ಆ ಮನ್ಯಾಗರ ಕೂಸು ಹಾಲು ಕುಡೀಲಿ.”

ಅವಳು ಏಳನೆಯ ತರಗತಿ ಮುಗಿಸಿ, ಮದುವೆಯಾಗಿ ಕಕ್ಕೇರಾಕ್ಕೆ ಹೋದಳು. ಆಪಾ ಪರೀಕ್ಷೆ ಪಾಸಾಗಲಿಲ್ಲ. ಹಾಸಿಗೆ ಸುತ್ತಿಕೊಂಡು ಹೈದರಾಬಾದಿನ ರೈಲು ಹತ್ತಿದರು. ನನಗೆ ಯಾದಗಿರಿಗೆ ವರ್ಗವಾಯಿತು. ಅಲ್ಲೂ ಹೊಸ ಹಲಗೆಯ ಮೇಲೆ ಹೊಸ ಸಂಸಾರ ಹೂಡಿದೆ; ಹಾಲಿನ ಸಾಲು ಮಾತ್ರ ಹಳೆಯದೇ. ತನಿಖೆಗೆ ಬಂದ ಸಾಹೇಬರೊಬ್ಬರು ಅದನ್ನು ಓದಿ, ಕೂಸೇ ಇಲ್ಲದ ಮನೆಗೆ ಇಷ್ಟೊಂದು ಹಾಲು ಯಾಕೆ ಎಂದು ಕೇಳಿದರು. ಇಷ್ಟೂ ಸಾಲದು ಸರ್ ಎಂದೆ. ಅವರು, ಈ ಶಿಕ್ಷಕಿಗೆ ಲೆಕ್ಕ ಕೂಡಿಸಲು ಬರುವುದಿಲ್ಲ ಎಂದು ಬರೆದು ಸಹಿ ಮಾಡಿ ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರೆದದ್ದು ಸರಿಯಾಗಿಯೇ ಇತ್ತು.