ಬೀಗದ ಕಣ್ಣಿನ ಈಚೆ

ಬೆಳಗಿನ ಆರು ಗಂಟೆ. ಹೋಟೆಲಿನ ತಿಂಡಿ ಹಾಲ್‌ನಲ್ಲಿ ಇನ್ನೂ ಅರ್ಧ ದೀಪಗಳು ಮಾತ್ರ ಉರಿಯುತ್ತಿವೆ. ಮಾಣಿಗಳು ಮೇಜುಗಳ ಮೇಲೆ ಚಮಚ ಜೋಡಿಸುತ್ತಿದ್ದಾರೆ. ಮೂಲೆಯ ಪಿಯಾನೊದ ಮುಂದೆ ಇಬ್ಬರು ಕೂರುವಷ್ಟು ಉದ್ದದ ಬೆಂಚು. ಅದರ ಎಡತುದಿಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಕೂತು ಬೆರಳು ನೀವಿಕೊಳ್ಳುತ್ತಾರೆ. ಆಮೇಲೆ ಬೂಗಿ ವೂಗಿ ಎಂಬ ಕುಣಿತದ ಪಿಯಾನೊ ಸಂಗೀತ ಶುರುವಾಗುತ್ತದೆ. ಅಂದರೆ, ಅದರ ಅರ್ಧ ಶುರುವಾಗುತ್ತದೆ. ದಪ್ಪ ಸ್ವರಗಳು ಒಂದೇ ನಡಿಗೆಯಲ್ಲಿ ಹೊರಡುತ್ತವೆ: ಆವರ್ತಕ್ಕೆ ಎಂಟು ಪೆಟ್ಟು, ಹನ್ನೆರಡು ಆವರ್ತಕ್ಕೊಂದು ಸುತ್ತು, ಮತ್ತೆ ಮೊದಲಿನಿಂದ. ಅದರ ಮೇಲೆ ಕುಣಿಯಬೇಕಾದ ರಾಗ ಬರುವುದೇ ಇಲ್ಲ.

ಬ್ಯಾಗು ಹಿಡಿದು ಒಳಬಂದ ಗಿರಾಕಿಯೊಬ್ಬರು ಮಾಣಿಯನ್ನು ಕೇಳುತ್ತಾರೆ: "ಪಿಯಾನೊ ರಿಪೇರಿ ಎಷ್ಟೊತ್ತಿಗೆ ಮುಗಿಯುತ್ತಪ್ಪಾ?"

ದಿನಕ್ಕೊಬ್ಬರಾದರೂ ಹೀಗೆ ಕೇಳುತ್ತಾರೆ. "ನಾಲ್ಕು ತಿಂಗಳಿಂದ ರಿಪೇರೀಲೇ ಇದೆ, ಪಾಪ," ಎಂದು ಆಕೆ ನಗುತ್ತಾರೆ. ನಗುವಾಗಲೂ ಕೈ ನಿಲ್ಲುವುದಿಲ್ಲ.

ಮೂವತ್ತೊಂದು ವರ್ಷ ಇದೇ ಬೆಂಚಿನ ಬಲತುದಿಯಲ್ಲಿ ಅವರ ಅಣ್ಣ ಕೂರುತ್ತಿದ್ದರು. ಪಿಯಾನೊದ ಮುಚ್ಚಳಕ್ಕೆ ಬೀಗ ಹಾಕುವ ತೂತು ನಟ್ಟನಡುವೆ ಇದೆ. "ಬೀಗದ ಕಣ್ಣಿಂದ ಆಚೆ ಅವನದು, ಈಚೆ ನಂದು. ಚಿಕ್ಕವರಿದ್ದಾಗ ಮನೆ ಪಿಯಾನೊಗೆ ನಮ್ಮ ಜಗಳ ಬಿಡಿಸೋಕೆ ಅಮ್ಮ ಮಾಡಿಕೊಟ್ಟ ಪಾಲು. ಅದೇ ಉಳ್ಕೊಂಡ್ಬಿಡ್ತು."

ಪಾಲು ಸರಿಸಮ, ಹೆಸರು ಮಾತ್ರ ಪೂರ್ತಿ ಆಚೆಗೆ ಹೋಯಿತು. ಅಣ್ಣ ಹಳೆಯ ಬೂಗಿಯೊಂದನ್ನು ಎತ್ತಿಕೊಂಡು, ಒಂದು ಸುತ್ತು ಇದ್ದಂತೆಯೇ ನುಡಿಸಿ, ಎರಡನೆಯದರಿಂದ ಮನಸ್ಸು ಕರೆದಲ್ಲಿಗೆ ಹೊರಟುಬಿಡುತ್ತಿದ್ದರು. ಗಿರಾಕಿಗಳು ಕಾಫಿ ಆರುವುದನ್ನೂ ಮರೆತು ಅವರನ್ನೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ತಂಗಿ ನಿಮಿಷಕ್ಕೆ ಮುನ್ನೂರು ಪೆಟ್ಟಿನಂತೆ ಎರಡು ಗಂಟೆಗೆ ಮೂವತ್ತಾರು ಸಾವಿರ ಪೆಟ್ಟು ಹಾಕುತ್ತಿದ್ದರು. ಅವರತ್ತ ಕಣ್ಣು ಹಾಯಿಸಿದವರು ಕಡಿಮೆ. ಮಾಣಿಗಳು ಇಟ್ಟ ಹೆಸರೂ ಒಂದಿದೆ: 'ಎಡಗಡೆ ಅಕ್ಕ'.

ನಾಲ್ಕು ತಿಂಗಳ ಹಿಂದೆ ಅಣ್ಣನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾರನೆಯ ವಾರ ಅಕ್ಕ ಒಬ್ಬರೇ ಬಂದು ಕೂತರು. ಎರಡು ಕೈಗೂ ಕೆಳಗಿನ ಸ್ವರಗಳೇ ರೂಢಿ. ಮಧ್ಯಾಹ್ನ ಹಾಲ್ ಖಾಲಿಯಾದ ಮೇಲೆ ಬಲಗೈಯನ್ನು ಮೇಲಕ್ಕೆ ಕಳಿಸಿ ನೋಡುತ್ತಾರೆ. ಅದು ನಾಲ್ಕು ಸ್ವರ ತಡಕಾಡಿ ವಾಪಸ್ ಬರುತ್ತದೆ.

"ಆ ಕಡೆ ಕೈ ಇಟ್ರೆ ಬೇರೆಯವರ ಮನೆಗೆ ಹೇಳದೆ ನುಗ್ಗಿದ ಹಾಗಾಗುತ್ತೆ. ಅವನದ್ದನ್ನೇ ಕಲಿಯೋಣ ಅಂದ್ರೆ, ಇವತ್ತು ನುಡಿಸಿದ್ದನ್ನ ನಾಳೆ ನುಡಿಸಿದವನಲ್ಲ. ಯಾವುದನ್ನ ಅಂತ ಕಲೀಲಿ?"

ಹಾಸಿಗೆ ಹಿಡಿದ ಅಣ್ಣನನ್ನೇ ಒಂದು ದಿನ ಕೇಳಿದರಂತೆ, ಒಂದೇ ಒಂದು ಸುತ್ತು ಹೇಳಿಕೊಡು, ಸಾಕು ಎಂದು. ಅಣ್ಣ ತೊದಲಿದರು: "ಒಂದೂ ನೆನಪಿಲ್ಲ ಕಣೇ." ಅವತ್ತು ಅಕ್ಕ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತರು. ಒಂದು ಜನ್ಮದಷ್ಟು ಸಂಗೀತ ಇಬ್ಬರ ಕೈಯಿಂದಲೂ ಜಾರಿಹೋಗಿತ್ತು.

ಮ್ಯಾನೇಜರು ಕೆಟ್ಟವರಲ್ಲ. "ಮೇಡಂ, ತಿಂಗಳ ಕೊನೆವರೆಗೂ ನೋಡೋಣ. ರಾಗ ಕೂಡದಿದ್ರೆ ಸ್ಪೀಕರ್ ಹಾಕಿಸ್ತೀವಿ, ಬೇಜಾರು ಮಾಡ್ಕೋಬೇಡಿ," ಎಂದಿದ್ದಾರೆ. ಇನ್ನು ಉಳಿದಿರುವುದು ಹನ್ನೊಂದು ದಿನ. ಪಿಯಾನೊ ಇಡಲು ಗೋದಾಮಿನಲ್ಲಿ ಆಗಲೇ ಜಾಗ ಮಾಡಿದ್ದಾರೆ. ಅಕ್ಕ ಅದನ್ನು ಹೋಗಿ ನೋಡಿಯೂ ಬಂದಿದ್ದಾರೆ.

"ಹನ್ನೊಂದು ದಿನದಲ್ಲಿ ಆಗೋ ಕೆಲಸ ಅಲ್ಲ ಇದು. ನಂಗೇನೂ ಆಸೆ ಇಲ್ಲ. ಐದಕ್ಕೆ ಎಚ್ಚರ ಆಗುತ್ತೆ, ಬರ್ತೀನಿ, ಅಷ್ಟೆ."

ಎಂಟು ಗಂಟೆಗೆ ಹಾಲ್ ತುಂಬಿದೆ. ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಪಿಯಾನೊದಿಂದ ದೂರದ ಮೇಜಿಗೆ ಹೋಗುತ್ತಾಳೆ. ಅಕ್ಕ ಕೊನೆಯ ಸುತ್ತು ಮುಗಿಸಿ, ಬೆರಳು ಮಡಚಿ ಬಿಚ್ಚುತ್ತಾರೆ. ಅಣ್ಣ ಯಾವತ್ತೂ ತಪ್ಪುತ್ತಿರಲಿಲ್ಲವೇ ಎಂದು ಕೇಳಿದರೆ, ಬೆಂಚಿನ ಬಲತುದಿಯತ್ತ ತಿರುಗುತ್ತಾರೆ.

"ಎಷ್ಟೋ ಸಲ ದಾರಿ ತಪ್ಪಿದ್ದಾನೆ. ಆವಾಗೆಲ್ಲ ನಾನು ಒಂಚೂರು ಜೋರಾಗಿ ಒತ್ತಿದ್ರೆ, ಅದನ್ನ ಹಿಡ್ಕೊಂಡು ವಾಪಸ್ ಬರೋನು. ಜನ ಅದಕ್ಕೇ ಜಾಸ್ತಿ ಚಪ್ಪಾಳೆ ತಟ್ಟೋರು." ಮುಚ್ಚಳ ಇಳಿಸುತ್ತಾ ಹೇಳುತ್ತಾರೆ: "ನಾನು ಒಂದು ದಿನಾನೂ ತಪ್ಪಿಲ್ಲ. ಈ ಹನ್ನೊಂದು ದಿನದಲ್ಲಿ ಯಾರಾದ್ರೂ ಒಬ್ಬರು ನನ್ನ ಈ ಪೆಟ್ಟನ್ನ ಕೇಳಿಸ್ಕೊಂಡ್ರೆ ಸಾಕು."